ಹುಣಸೂರಿನ ಹೊಗೆಸೊಪ್ಪಿನಿಂದ ಲಸಿಕೆ ಆಗುತ್ತದೆಯೇ?

ಪ್ರಶ್ನೆ: ಕೆನಡಾದಲ್ಲಿ ತಂಬಾಕು ಗಿಡದಿಂದ ಕೋವಿಡ್ ಲಸಿಕೆ ಮಾಡಿದರಂತೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ಲಸಿಕೆ ಕಂಪನಿಗೆ ಮಾರಬಹುದೇ? ಒಬ್ಬರು ಕರಾರು ಮಾಡಿಸುತ್ತೇನೆಂದು ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತಿದೆ, ರೈತರು ದುಡ್ಡು ಕಳೆದುಕೊಳ್ಳುವ ಮೊದಲು ಪೂರ್ತಿ ಬರೆದುಬಿಡುತ್ತೇನೆ.

ಕೆನಡಾ 2022ರ ಫೆಬ್ರವರಿಯಲ್ಲಿ ಒಪ್ಪಿದ ಆ ಲಸಿಕೆಯ ಹೆಸರು ಕೋವಿಫೆನ್ಜ್. ಬಳಸಿದ ಗಿಡ ಆಸ್ಟ್ರೇಲಿಯಾ ಮೂಲದ ನಿಕೋಟಿಯಾನಾ ಬೆಂಥಾಮಿಯಾನಾ, ನಿಮ್ಮ ಬೆಳೆಯ ದಾಯಾದಿ. ವೈರಸ್‌ಗಳನ್ನು ತಡೆಯುವ ಅದರ ಒಂದು ಜೀನ್ ಕೆಟ್ಟಿರುವುದರಿಂದ ಹೊರಗಿನ ಜೀನ್ ಅದರಲ್ಲಿ ಸುಲಭವಾಗಿ ಕೆಲಸ ಮಾಡುತ್ತದೆ. ಲಸಿಕೆ ಎಲೆಯಲ್ಲಿ ತಾನಾಗಿ ಇರುವುದಿಲ್ಲ, ಜೀವಂತ ಎಲೆಯ ಕೈಯಲ್ಲಿ ಮಾಡಿಸಬೇಕು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ 70 ಡಿಗ್ರಿ ಕಾವು ಕಂಡ ಎಲೆಗೆ ಇಲ್ಲಿ ಕೆಲಸವೇ ಇಲ್ಲ.

ಲಸಿಕೆಯ ಪ್ರೋಟೀನ್ ಮಾಡಿಸುವ ಜೀನನ್ನು ಆಗ್ರೋಬ್ಯಾಕ್ಟೀರಿಯಂಗೆ ಸೇರಿಸುತ್ತಾರೆ. ಗಿಡದ ಬುಡದಲ್ಲಿ ಗಂಟು ಬರಿಸುವ ಮಣ್ಣಿನ ಬ್ಯಾಕ್ಟೀರಿಯಾ ಅದು. ಅದನ್ನು ಬೆಳೆಸಿದ ಮೇಲೆ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಇರುವ, ಪಿಎಚ್ 5.6ರ ಬಫರ್‌ನಲ್ಲಿ (ಹುಳಿಯ ಮಟ್ಟ ಏರುಪೇರಾಗದ ದ್ರಾವಣ) ತೆಳು ಮಾಡಿ, ಜೀನ್ ದಾಟಿಸಲು ಬ್ಯಾಕ್ಟೀರಿಯಾವನ್ನು ಎಬ್ಬಿಸುವ ಅಸಿಟೋಸಿರಿಂಗೋನ್ ಎಂಬ ರಾಸಾಯನಿಕವನ್ನು 150 ಮೈಕ್ರೋಮೋಲಾರ್ ಹಾಕಿ ಎರಡು ಮೂರು ಗಂಟೆ ಬಿಡುತ್ತಾರೆ. ದ್ರಾವಣದಲ್ಲಿ ಬ್ಯಾಕ್ಟೀರಿಯಾ ತೀರಾ ದಟ್ಟವಾದರೆ ಎಲೆ ಹಳದಿಯಾಗಿ ಸಾಯುತ್ತದೆ. ಐದಾರು ವಾರದ ಗಿಡವನ್ನು ಕುಂಡದ ಸಮೇತ ತಲೆಕೆಳಗಾಗಿ ಅದರಲ್ಲಿ ಅದ್ದಿ, ಮುಚ್ಚಿದ ಪೆಟ್ಟಿಗೆಯಲ್ಲಿ ಒಂದೆರಡು ನಿಮಿಷ ಗಾಳಿ ಹೊರಗೆಳೆದು, ಮತ್ತೆ ಒಳಗೆ ಬಿಡುತ್ತಾರೆ. ಗಾಳಿ ಮರಳಿ ನುಗ್ಗುವಾಗ ದ್ರಾವಣ ಪತ್ರರಂಧ್ರದೊಳಗೆ ಹೋಗುತ್ತದೆ. ಸರಿಯಾಗಿ ಇಳಿದ ಎಲೆ ಎಣ್ಣೆ ಹೀರಿದ ಕಾಗದದಂತೆ ಕಡುಹಸಿರಾಗಿ, ಬೆಳಕಿಗೆ ಹಿಡಿದರೆ ಅರೆಪಾರದರ್ಶಕವಾಗಿ ಕಾಣುತ್ತದೆ. ಅಲ್ಲಲ್ಲಿ ತಿಳಿಹಸಿರು ಉಳಿದರೆ ರಂಧ್ರ ಮುಚ್ಚಿತ್ತು ಎಂದರ್ಥ: ಗಿಡಕ್ಕೆ ನೀರು ಸಾಲದೇ ಹೋಗಿದೆ, ಇಲ್ಲವೇ ಕತ್ತಲಲ್ಲಿ ಇಟ್ಟಿದ್ದಾರೆ.

ಆಮೇಲೆ 4ರಿಂದ 7 ದಿನ, 22–25 ಡಿಗ್ರಿಯಲ್ಲಿ. 28 ದಾಟಿದರೆ ಬ್ಯಾಕ್ಟೀರಿಯಾ ಜೀನ್ ದಾಟಿಸುವ ಕೊಳವೆ ಕಟ್ಟುವುದೇ ಕುಂಠಿತವಾಗುತ್ತದೆ. ಗಿಡ ಹೊಸ ಜೀನನ್ನು ಅಡಗಿಸದಂತೆ ಪಿ19 ಎಂಬ ಪ್ರೋಟೀನನ್ನೂ ಜೊತೆಗೆ ಕೊಡುತ್ತಾರೆ.

ಹೆಚ್ಚು ಕೆಡುವುದು ಅರೆಯುವಾಗ. ಜೀವಕೋಶ ಒಡೆದ ಕೂಡಲೇ ರಸ ಕಂದಾಗಿ, ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಎದ್ದುಬರುತ್ತವೆ. ಹಾಗಾಗಿ 4 ಡಿಗ್ರಿ ತಂಪಿನಲ್ಲಿ, ರಸ ಕಂದಾಗದಂತೆ ತಡೆಯುವ ಮೆಟಾಬೈಸಲ್ಫೈಟ್ ಹಾಕಿಯೇ ಅರೆಯಬೇಕು. ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ರುಬಿಸ್ಕೋ (ಗಿಡ ಆಹಾರ ತಯಾರಿಸಲು ಬಳಸುವ ಕಿಣ್ವ) ಒಂದೇ ಇರುತ್ತದೆ. ಅದು, ನಿಕೋಟಿನ್, ಬ್ಯಾಕ್ಟೀರಿಯಾದ ವಿಷ ಎಲ್ಲ ತೆಗೆದಾದ ಮೇಲೆ ಒಂದು ಡೋಸಿಗೆ ಬೇಕಾದ ಲಸಿಕೆಯ ಪ್ರೋಟೀನು 3.75 ಮೈಕ್ರೋಗ್ರಾಂ. ಇದಕ್ಕೆ ಎಕರೆಗಟ್ಟಲೆ ಹೊಲ ಬೇಡ, ಮುಚ್ಚಿದ ಹಸಿರುಮನೆ ಬೇಕು. ಕುಲಾಂತರಿ ಗಿಡವನ್ನು ಅನುಮತಿಯಿಲ್ಲದೆ ಹೊಲದಲ್ಲಿ ಬೆಳೆಯುವುದು ಕಾನೂನಿಗೆ ವಿರುದ್ಧ. ಕೋವಿಫೆನ್ಜ್ ಮಾಡಿದ ಮೆಡಿಕಾಗೋ ಕಂಪನಿಯನ್ನೇ 2023ರಲ್ಲಿ ಮುಚ್ಚಲು ತೀರ್ಮಾನಿಸಿದರು. ಕರಾರು ಯಾರ ಜೊತೆ ಎಂದು ಆ ದಲ್ಲಾಳಿಯನ್ನು ಕೇಳಿ.

ಪ್ರಶ್ನೆ: ತಿಂದರೆ ಲಸಿಕೆ ಹಾಕಿಸಿಕೊಂಡಂತೆ ಎನ್ನುವ ಬಾಳೆಹಣ್ಣು ಯಾವಾಗ ಸಿಗುತ್ತದೆ?

ಉತ್ತರ: ಕಾಯಬೇಡಿ. ಒಂದೊಂದು ಹಣ್ಣಿನಲ್ಲಿ ಒಂದೊಂದು ಪ್ರಮಾಣ ಇದ್ದರೆ ಅದನ್ನು ಡೋಸ್ ಎನ್ನಲಾಗದು.

ಪ್ರಶ್ನೆ: ಫ್ಲೂ ಜ್ವರದ ಔಷಧಿ ಟ್ಯಾಮಿಫ್ಲೂ ಚಕ್ರಮೊಗ್ಗಿನಿಂದ ಬರುವುದಾದರೆ ಕಷಾಯ ಸಾಲದೇ?

ಉತ್ತರ: ಸಾಲದು. ಚಕ್ರಮೊಗ್ಗಿನ ಶಿಕಿಮಿಕ್ ಆಮ್ಲ ಕಚ್ಚಾವಸ್ತು ಮಾತ್ರ. ಅದು ಔಷಧಿಯಾಗುವುದು ಕಾರ್ಖಾನೆಯಲ್ಲಿ ಹಲವು ಹಂತದ ರಾಸಾಯನಿಕ ಕ್ರಿಯೆಯಾದ ಮೇಲೆ.

ಪ್ರಶ್ನೆ: ಡೆಂಗಿಗೆ ಪಪ್ಪಾಯಿ ಎಲೆ ರಸ?

ಉತ್ತರ: ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಪ್ರಾಣ ಹೋಗುವುದು ಮುಖ್ಯವಾಗಿ ರಕ್ತನಾಳದಿಂದ ದ್ರವ ಸೋರಿ, ಅದೂ ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ರಸ ಹಿಂಡುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ.