ಪತ್ರ ಯಾರಿಗೆ ಬರೆದದ್ದು?

ಪ್ರಿಯರೇ, ವಂದನೆಗಳು.

‘ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಭಕ್ತರ ವಿಶ್ವಾಸ ಜೀವನ’ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಒಂದು ಸಾಲು ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ. ಬಿಷಪರ ಬದಲು ಹಿರಿಯರ ಮಂಡಳಿ ಸಭೆ ನಡೆಸುವ ಈ ಪ್ರೊಟೆಸ್ಟೆಂಟ್ ಪಂಥದ ಭಕ್ತಿಬರಹಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ವಿರಳ. ಅದಕ್ಕಿಂತ ಹೆಚ್ಚಾಗಿ, ನೀವು ಮೂಲವನ್ನು ಪ್ರೀತಿಯಿಂದ ಓದಿದ್ದೀರಿ ಎಂಬುದು ಲೇಖನದ ಕೆಲವು ಸಾಲುಗಳಲ್ಲಿ ಕಾಣುತ್ತದೆ.

ತೊಂದರೆ ಇರುವುದು ಉಳಿದ ಸಾಲುಗಳಲ್ಲಿ. ಸ್ಯಾಮುವೆಲ್ ರುದರ್‌ಫರ್ಡ್, ಥಾಮಸ್ ಬಾಸ್ಟನ್, ರಾಬರ್ಟ್ ಮರ್ರೆ ಮೆಕ್‌ಚೇನ್ ಮೂವರನ್ನೂ ಒಟ್ಟಿಗೆ ಕರೆತಂದಿದ್ದೀರಿ. ಹದಿನೇಳನೇ ಶತಮಾನದಿಂದ ಹತ್ತೊಂಬತ್ತನೆಯದರವರೆಗೆ ಹರಡಿಕೊಂಡ ಸಭಾಪಾಲಕರು ಇವರು. ನಿಮ್ಮ ಲೇಖನದಲ್ಲಿ ಮಾತ್ರ ಮೂವರದೂ ಒಂದೇ ದನಿ. ‘ಅಚಲ ವಿಶ್ವಾಸ’, ‘ದೇವರ ಚಿತ್ತಕ್ಕೆ ಸಂಪೂರ್ಣ ಶರಣಾಗತಿ’, ‘ಕಷ್ಟದಲ್ಲೂ ಕುಂದದ ಆನಂದ’ ಎಂಬ ಮಾತುಗಳು ಪುಟಪುಟಕ್ಕೂ ಬರುತ್ತವೆ. ರುದರ್‌ಫರ್ಡ್ ಹೆಸರು ತೆಗೆದು ಬಾಸ್ಟನ್ ಹೆಸರು ಹಾಕಿದರೂ ಪ್ಯಾರಾ ಹಾಗೆಯೇ ನಿಲ್ಲುತ್ತದೆ. ಹೀಗೆ ಬರೆದಾಗ ಭಕ್ತರೂ ಉಳಿಯುವುದಿಲ್ಲ, ಅವರ ಭಕ್ತಿಯೂ ಉಳಿಯುವುದಿಲ್ಲ.

ರುದರ್‌ಫರ್ಡ್ ಒಬ್ಬನನ್ನೇ ಇಟ್ಟುಕೊಳ್ಳಿ. ಅವನ ಪತ್ರಗಳಿಂದ ಚೆಂದದ ಸಾಲುಗಳನ್ನು ಆರಿಸಿದ್ದೀರಿ, ಆದರೆ ಒಂದು ಪತ್ರವಾದರೂ ಯಾರಿಗೆ ಬರೆದದ್ದು ಎಂದು ಹೇಳಿಲ್ಲ. ಪತ್ರಕ್ಕೆ ಅದೇ ಜೀವ. ಅವು ಪುಸ್ತಕವಾಗಲೆಂದು ಬರೆದವಲ್ಲ. ಅವನು ತೀರಿಕೊಂಡ ಮೇಲೆ, 1664ರಲ್ಲಿ, ಅವನ ಶಿಷ್ಯ ರಾಬರ್ಟ್ ಮೆಕ್‌ವಾರ್ಡ್ ಅವನ್ನು ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದ. ಅಲ್ಲಿಯವರೆಗೆ ಒಂದೊಂದು ಪತ್ರವೂ ಒಬ್ಬೊಬ್ಬರ ಕೈಯಲ್ಲಿತ್ತು.

ಅವನ ಪತ್ರಗಳನ್ನು ಪಡೆದ ಲೇಡಿ ಕೆನ್ಮೂರ್‌ಳನ್ನೇ ತೆಗೆದುಕೊಳ್ಳಿ. ಒಂದಾದ ಮೇಲೊಂದರಂತೆ ಪುಟ್ಟ ಮಕ್ಕಳನ್ನು ಕಳೆದುಕೊಂಡವಳು, 1634ರಲ್ಲಿ ಗಂಡನನ್ನೂ ಕಳೆದುಕೊಂಡವಳು. ಅವಳನ್ನು ಸಂತೈಸಲು ಕೂತವನ ಮನೆಯಲ್ಲೂ ಸಾವು ಬಂದು ಹೋಗಿತ್ತು. ಗ್ಯಾಲೋವೇ ಸೀಮೆಯ ಆನ್ವಥ್ ಎಂಬ ಹಳ್ಳಿಗೆ ರುದರ್‌ಫರ್ಡ್ ಸಭಾಪಾಲಕನಾಗಿ ಬಂದದ್ದು 1627ರಲ್ಲಿ. ವರ್ಷಕ್ಕೂ ಮಿಕ್ಕಿ ನರಳಿದ ಹೆಂಡತಿ 1630ರಲ್ಲಿ ತೀರಿಕೊಂಡಳು, ಮಕ್ಕಳೂ ಉಳಿಯಲಿಲ್ಲ. ‘ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ’ ಎಂಬ ಅರ್ಥದ ಮಾತನ್ನು ಇಂಥವನು ಇಂಥವಳಿಗೆ ಹೇಳುವುದು ಬೇರೆ. ಅದೇ ಮಾತನ್ನು ನೀವು ನಿಮ್ಮ ನಾಲ್ಕನೇ ಪುಟದಲ್ಲಿ ಯಾರಿಗೋ ಉಪದೇಶವಾಗಿ ಹೇಳುವುದು ಬೇರೆ. ಮಗುವನ್ನು ಕಳೆದುಕೊಂಡ ತಾಯಿ ನಮ್ಮ ಓದುಗರಲ್ಲೂ ಇದ್ದಾಳೆ. ಆ ಪುಟ ಅವಳಿಗೆ ನೋವು ಕೊಡುತ್ತದೆ, ಪತ್ರವೇ ಸಿಕ್ಕಿದ್ದರೆ ಬಹುಶಃ ಕೈ ಹಿಡಿಯುತ್ತಿತ್ತು.

ಅಬರ್ಡೀನ್ ಭಾಗವನ್ನೂ ಹೊಸದಾಗಿ ಬರೆಯಬೇಕು. ‘ಸೆರೆಯಲ್ಲೂ ಹಾಡುತ್ತಿದ್ದ’ ಎಂದಿದ್ದೀರಿ. ನಡೆದದ್ದು ಅಷ್ಟು ಸರಳವಲ್ಲ. ರಕ್ಷಣೆಯಲ್ಲಿ ಮನುಷ್ಯನ ಇಚ್ಛೆಗೂ ಪಾಲಿದೆ ಎನ್ನುವ ಆರ್ಮಿನಿಯಸ್ ಪಂಥದ ಬೋಧನೆಯ ವಿರುದ್ಧ ಪುಸ್ತಕ ಬರೆದದ್ದಕ್ಕೆ 1636ರಲ್ಲಿ ಅವನನ್ನು ಸಭಾಪಾಲನೆಯಿಂದ ತೆಗೆದು, ಅಬರ್ಡೀನ್ ಊರು ಬಿಟ್ಟು ಹೋಗದಂತೆ ಕಟ್ಟು ಹಾಕಿದರು. ಬೀದಿಯಲ್ಲಿ ಓಡಾಡಬಹುದಿತ್ತು, ಪ್ರಸಂಗ ಮಾಡುವಂತಿರಲಿಲ್ಲ. ಅವನನ್ನು ತಿಂದದ್ದು ಆ ಮೌನದ ಭಾನುವಾರಗಳು. ಒಣಮರದಂತೆ ತನ್ನನ್ನು ದ್ರಾಕ್ಷಿತೋಟದ ಗೋಡೆಯಾಚೆ ಎಸೆದುಬಿಟ್ಟನೇ ಎಂದು ಕರ್ತನ ಮೇಲೆಯೇ ಸಂಶಯಪಟ್ಟ. ಆಮೇಲೆ ಆ ಸಂಶಯಕ್ಕೆ ನಾಚಿದ. ಆನ್ವಥ್ ದೇವಾಲಯದಲ್ಲಿ ಗೂಡು ಕಟ್ಟುವ ಗುಬ್ಬಿಗಳೇ ಧನ್ಯ ಎಂದು ಬರೆದ. ಸತ್ಯವೇದದ 84ನೆಯ ಕೀರ್ತನೆ ಗೊತ್ತಿರುವವರಿಗೆ ಆ ಗುಬ್ಬಿ ಎಲ್ಲಿಂದ ಹಾರಿ ಬಂತೆಂದು ಹೇಳಬೇಕಿಲ್ಲ. ಹೀಗೆ ಒದ್ದಾಡಿದವನೇ ತನ್ನ ಪತ್ರಗಳ ಕೊನೆಗೆ ‘ಕ್ರಿಸ್ತನ ಅರಮನೆ, ಅಬರ್ಡೀನ್’ ಎಂದು ವಿಳಾಸ ಹಾಕುತ್ತಿದ್ದ. ಒದ್ದಾಟವನ್ನು ಬಿಟ್ಟು ಅರಮನೆಯನ್ನಷ್ಟೇ ತೋರಿಸಿದ್ದೀರಿ. ಆಂಡ್ರ್ಯೂ ಬೋನಾರ್ 1863ರಲ್ಲಿ ಸಂಪಾದಿಸಿದ 365 ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಊರಿನಿಂದ ಹೋದವು. ತಾರೀಖಿನ ಕ್ರಮದಲ್ಲಿ ಓದಿ ನೋಡಿ, ಮನಸ್ಸಿನ ಏರಿಳಿತ ನಿಮಗೇ ಕಾಣುತ್ತದೆ.

ಅವನ ಒರಟುತನವನ್ನೂ ಮುಚ್ಚಬೇಡಿ. ರಾಜನೂ ಕಾನೂನಿನ ಕೆಳಗೆ ಎಂದು 1644ರಲ್ಲಿ ‘ಲೆಕ್ಸ್, ರೆಕ್ಸ್’ ಬರೆದವನು ಅವನೇ. ರಾಜ ಎರಡನೇ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲೆ ಆ ಪುಸ್ತಕವನ್ನು ಸುಡಿಸಿದರು, ರಾಜದ್ರೋಹದ ವಿಚಾರಣೆಗೆ ಒಳಗಾಗುವ ಮೊದಲೇ 1661ರಲ್ಲಿ ಅವನು ತೀರಿಕೊಂಡ. ಆದರೆ 1649ರಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯದ ವಿರುದ್ಧ ಗ್ರಂಥ ಬರೆದವನೂ ಅವನೇ. ಪತ್ರಗಳಲ್ಲಿ ಅಷ್ಟು ಮೃದುವಾದ ಮನುಷ್ಯ ಅನ್ಯಮತದವರಿಗೆ ಜಾಗ ಕೊಡಲು ಒಪ್ಪಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ನಿಮ್ಮನ್ನು ಕಾಡಿದರೆ ಅದನ್ನೂ ಬರೆಯಿರಿ.

ಬಾಸ್ಟನ್‌ನನ್ನು ಸದ್ಯಕ್ಕೆ ಬಿಡಿ. ಮೆಕ್‌ಚೇನ್ ಬೇರೆ ಲೇಖನಕ್ಕೆ ಇರಲಿ. ಅವನು 29ಕ್ಕೇ ತೀರಿಕೊಂಡ ಎಂಬುದರ ಮೇಲೆ ಅಷ್ಟು ಒತ್ತು ಬೇಡ. 1842ರ ಕೊನೆಯಲ್ಲಿ ಅವನು ಡಂಡಿಯ ತನ್ನ ಸಭೆಗೆ ವರ್ಷಪೂರ್ತಿ ಸತ್ಯವೇದ ಓದುವ ಕ್ರಮವೊಂದನ್ನು ಮಾಡಿಕೊಟ್ಟ. ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಲಾಭಗಳನ್ನು ಹೇಳುವ ಮೊದಲು ಅದರ ಅಪಾಯಗಳನ್ನು ಹೇಳಿದ: ಓದು ಬರೀ ಆಚಾರವಾಗಬಹುದು, ಓದಿದೆನೆಂಬ ಅಹಂಕಾರ ಬರಬಹುದು, ಕೆಲವರಿಗೆ ಹೊರೆಯಾಗಬಹುದು ಎಂದು. ತನ್ನ ಸಲಹೆಯ ಕುಂದನ್ನು ತಾನೇ ಮೊದಲು ಹೇಳುವ ಈ ಪ್ರಾಮಾಣಿಕತೆ ಭಕ್ತಿಬರಹಕ್ಕೆ ತುಂಬ ಬೇಕು. ನಿಮ್ಮ ಲೇಖನದಲ್ಲಿ ನನಗೆ ಸಿಗದೆ ಹೋದದ್ದು ಇದೇ.

ಏಳನೇ ಪುಟದಲ್ಲಿ ಒಂದು ಸಾಲಿದೆ: ‘ಇಷ್ಟು ದುಃಖದ ನಡುವೆ ಇವನು ದೇವರನ್ನು ಪ್ರೀತಿಸಿದ್ದು ಹೇಗೆಂದು ನನಗೆ ಅರ್ಥವಾಗುವುದಿಲ್ಲ.’ ಮರುಸಾಲಿನಲ್ಲೇ ‘ಆದರೂ ವಿಶ್ವಾಸಿಗೆ ಎಲ್ಲವೂ ಸಾಧ್ಯ’ ಎಂದು ಬಾಗಿಲು ಹಾಕಿದ್ದೀರಿ. ಮೊದಲನೆಯದನ್ನು ಉಳಿಸಿ, ಎರಡನೆಯದನ್ನು ಹೊಡೆದುಹಾಕಿ. ಅಲ್ಲಿಂದಲೇ ಶುರುಮಾಡಿ.

ನಮ್ಮ ಓದುಗರಲ್ಲಿ ಬಹಳ ಮಂದಿ ದಕ್ಷಿಣ ಇಂಡಿಯಾ ಸಭೆಯವರು. 1947ರಲ್ಲಿ ಒಂದಾದ ಆ ಸಭೆಯಲ್ಲಿ ಪ್ರೆಸ್ಬಿಟೇರಿಯನ್ ಪರಂಪರೆಯೂ ಸೇರಿಕೊಂಡಿದೆ, ಆದರೆ ರುದರ್‌ಫರ್ಡ್ ಹೆಸರು ಕೇಳಿದವರು ಕಡಿಮೆ. ಆದ್ದರಿಂದ ಲೇಡಿ ಕೆನ್ಮೂರ್‌ಗೆ ಬರೆದ ಎರಡು ಮೂರು ಪತ್ರಗಳನ್ನು ನೀವೇ ಕನ್ನಡಕ್ಕೆ ತನ್ನಿ, ತಾರೀಖಿನ ಸಮೇತ. ಅವುಗಳ ಸುತ್ತ ನಿಮ್ಮ ಮಾತು ಸಾವಿರ ಪದ ಮೀರದಿರಲಿ. ಕಳಿಸುವಾಗ ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.