ಗಲ್ಫಿಗೆ ಹೋದವರು ಬಿಟ್ಟುಹೋದ ಆಮೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿದ್ದ ಪರಿಚಯದ ಕುಟುಂಬವೊಂದು ಗಲ್ಫಿಗೆ ಹೋಗುವಾಗ, ಸಾಕಿದ್ದ ಆಮೆಯನ್ನು ಬಾತ್‌ರೂಮಿನ ಬಕೆಟಿನಲ್ಲೇ ಬಿಟ್ಟುಹೋಗಿದೆ. ವಾಚ್‌ಮ್ಯಾನ್ ಹೇಳಿದ ಮೇಲೆ ನನ್ನ ಮಗ ಅದನ್ನು ಮನೆಗೆ ತಂದ. ಅಂಗೈಯಷ್ಟು ದೊಡ್ಡದು, ಕಣ್ಣಿನ ಹಿಂದೆ ಕೆಂಪು ಗೀಟು ಇದೆ. ಎರಡೂ ಕಣ್ಣು ಊದಿವೆ. ಚಿಪ್ಪು ಒತ್ತಿದರೆ ಬಗ್ಗುತ್ತದೆ. ಬೆನ್ನ ಮೇಲೆ ನೈಲ್ ಪಾಲಿಶಿನಲ್ಲಿ ಹೂ ಬರೆದಿದ್ದಾರೆ. ಮಾವನವರು ಬಾವಿಗೆ ಬಿಡಿ, ನೀರು ಚೊಕ್ಕವಾಗುತ್ತದೆ ಅನ್ನುತ್ತಾರೆ. ಮಗನಿಗೆ ಸಾಕುವ ಆಸೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ಬಾವಿಗೆ ಮಾತ್ರ ಬಿಡಬೇಡಿ. ಬಾವಿಯಲ್ಲಿ ಆಮೆ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಹಿಂದಿನಿಂದ ಇದೆ, ಮಾವನವರು ಹೇಳುವುದು ಅದನ್ನು ನೋಡಿಯೇ. ಆದರೆ ಈ ಆಮೆಗೆ ನೀರು ಎಷ್ಟು ಬೇಕೋ ಒಣ ಜಾಗ ಮತ್ತು ಬಿಸಿಲು ಅಷ್ಟೇ ಬೇಕು. ದಿನಾ ಕೆಲವು ಗಂಟೆ ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳದಿದ್ದರೆ ಅದು ಬದುಕುವುದಿಲ್ಲ. ರಿಂಗ್ ಹಾಕಿದ ಬಾವಿಯಲ್ಲಿ ಹತ್ತಿ ಕೂರಲು ಒಂದು ಕಲ್ಲೂ ಇರುವುದಿಲ್ಲ ಅಲ್ವಾ? ಈಜಿ ಈಜಿ ಸುಸ್ತಾಗಿ, ಚಿಪ್ಪು ಕೊಳೆತು, ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ಮೇಲಾಗಿ ಅದು ನೀವು ಕುಡಿಯುವ ನೀರು. ಆಮೆಯ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಆಮೆಗೆ ಅದರಿಂದ ಏನೂ ಆಗದಿದ್ದರೂ ನಮಗೆ ಜ್ವರ, ಭೇದಿ ಬರುತ್ತದೆ.

ಕೆಂಪು ಗೀಟು ಇದೆ ಅಂದಿದ್ದೀರಲ್ಲ, ಅಲ್ಲಿಗೆ ಇದು ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿಯ ಕಡೆಯ ಆಮೆ. ಅಕ್ವೇರಿಯಂ ಅಂಗಡಿಗಳಲ್ಲಿ ಇದನ್ನು ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ಮರಿಯಾಗಿರುವಾಗಲೇ ಮಾರುತ್ತಾರೆ. ಇಷ್ಟೇ ಇರುತ್ತದೆ, ಇನ್ನು ಬೆಳೆಯುವುದಿಲ್ಲ ಅಂತ ಹೇಳಿ ಮಾರುವವರೂ ಇದ್ದಾರೆ. ಅದು ಸುಳ್ಳು. ಹೆಣ್ಣಾದರೆ ಚಿಪ್ಪೇ 25ರಿಂದ 30 ಸೆಂಟಿಮೀಟರ್ ಆಗುತ್ತದೆ, ಗಂಡು ಅದಕ್ಕಿಂತ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ 20–30 ವರ್ಷ ಬದುಕುತ್ತದೆ, ಕೆಲವು ಇನ್ನೂ ಜಾಸ್ತಿ. ಮಗನಿಗೆ ಆಸೆ ಇದೆ ಅಂದಿರಿ, ಒಳ್ಳೆಯದೇ, ಆದರೆ ಅವನು ಓದು ಮುಗಿಸಿ ಕೆಲಸಕ್ಕೆ ಬೇರೆ ಊರಿಗೆ ಹೋದ ಮೇಲೂ ಈ ಆಮೆ ನಿಮ್ಮ ಅಂಗಳದಲ್ಲೇ ಇರುತ್ತದೆ, ಅಷ್ಟು ಕಾಲ ನೋಡಿಕೊಳ್ಳುವ ಮನಸ್ಸು ಮನೆಯವರೆಲ್ಲರಿಗೂ ಇದೆಯೇ ಅಂತ ಈಗಲೇ ಕೂತು ಮಾತಾಡಿ.

ಈಗ ಮೊದಲ ಕೆಲಸ ವೈದ್ಯರದು. ಕಣ್ಣು ಊದುವುದಕ್ಕೆ ಹೆಚ್ಚಾಗಿ ಕಾರಣ ಎ ವಿಟಮಿನ್ ಕೊರತೆ ಮತ್ತು ಕೊಳಕು ನೀರು. ಬರೀ ಒಣಗಿದ ಸಿಗಡಿ ತಿಂದು ಬಕೆಟಿನಲ್ಲಿ ಬೆಳೆದ ಆಮೆಗಳಲ್ಲಿ ಇದು ತುಂಬಾ ಕಾಣುತ್ತದೆ. ಈ ಗಾತ್ರದಲ್ಲಿ ಚಿಪ್ಪು ಬಗ್ಗುತ್ತದೆ ಅಂದರೆ ಕ್ಯಾಲ್ಸಿಯಂ ಮತ್ತು ಬಿಸಿಲು ಎರಡೂ ಸಿಕ್ಕಿಲ್ಲ. ವಿಟಮಿನ್ ಮದ್ದು ತಂದು ನೀವೇ ಕೊಡಲು ಹೋಗಬೇಡಿ, ಎ ವಿಟಮಿನ್ ಜಾಸ್ತಿಯಾದರೆ ಚರ್ಮವೇ ಕಿತ್ತು ಬರುತ್ತದೆ. ನಮ್ಮ ಊರಿನ ಪಶು ಆಸ್ಪತ್ರೆಗಳಿಗೆ ಬರುವುದು ಜಾಸ್ತಿ ದನ, ಆಡು, ನಾಯಿ. ಆಮೆ ನೋಡಿ ಅಭ್ಯಾಸ ಇಲ್ಲದ ಡಾಕ್ಟರಾದರೆ ಒಂದು ಮಾತು ನೆನಪಿಟ್ಟು ಹೇಳಿ: ಉಣ್ಣಿಗೆ, ಹುಳಕ್ಕೆ ದನ-ನಾಯಿಗಳಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ, ಅದರಿಂದ ಆಮೆ ಸಾಯುತ್ತದೆ. ಆಸ್ಪತ್ರೆಗೆ ಒಯ್ಯುವಾಗ ನೀರು ತುಂಬಿದ ಬಕೆಟ್ ಬೇಡ. ಗಾಳಿಯಾಡುವ ಡಬ್ಬದಲ್ಲಿ ಒದ್ದೆ ಬಟ್ಟೆ ಹಾಸಿ ಒಯ್ದರೆ ಸಾಕು.

ನೈಲ್ ಪಾಲಿಶಿಗೆ ರಿಮೂವರ್ ಹಾಕಬೇಡಿ, ಬ್ಲೇಡಿನಿಂದ ಕೆರೆಯಲೂ ಬೇಡಿ. ಚಿಪ್ಪು ಆಮೆಯ ಮೂಳೆಯೇ, ಅದಕ್ಕೆ ನರ ಇದೆ, ನೋವು ಗೊತ್ತಾಗುತ್ತದೆ. ದಾರ ಕಟ್ಟಲು ಚಿಪ್ಪಿಗೆ ತೂತು ಕೊರೆಯುವವರಿದ್ದಾರೆ, ಕೇಳಿದರೇ ಸಂಕಟವಾಗುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಆಗಾಗ ನಯವಾಗಿ ಉಜ್ಜಿ, ಎದ್ದು ಬಂದಷ್ಟು ಬರಲಿ. ಆಮೆ ಬೆಳೆದ ಹಾಗೆ ಮೇಲಿನ ತೆಳು ಹಾಳೆಗಳು ಕಳಚುತ್ತವೆ, ಉಳಿದ ಬಣ್ಣ ಅದರ ಜೊತೆ ಹೋಗುತ್ತದೆ.

ಇನ್ನು ಮನೆ. ಗಾಜಿನ ತೊಟ್ಟಿಗೆ ದುಡ್ಡು ಸುರಿಯಬೇಕಿಲ್ಲ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಅನ್ನುವುದು ಆಮೆ ಸಾಕುವವರ ಲೆಕ್ಕ. ದೊಡ್ಡ ಹೆಣ್ಣಿಗೆ 400 ಲೀಟರ್ ಬೇಕಾಗುತ್ತದೆ. ಹಳೆಯ 1,000 ಲೀಟರಿನ ಪ್ಲಾಸ್ಟಿಕ್ ನೀರಿನ ಟ್ಯಾಂಕನ್ನು ಅಡ್ಡ ಕೊಯ್ದು ಅಂಗಳದಲ್ಲಿಟ್ಟರೆ ಆಯಿತು. ಅರ್ಧ ಬಿಸಿಲು, ಅರ್ಧ ನೆರಳು ಬೀಳುವ ಜಾಗ ನೋಡಿ, ಏಕೆಂದರೆ ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು ಕೈಯಿಡಲಾಗದಷ್ಟು ಕಾಯುತ್ತದೆ. ನೀರು 24ರಿಂದ 28 ಡಿಗ್ರಿ ಇರಲಿ. ಹತ್ತಿ ಕೂರಲು ನೀರಿನ ಮಟ್ಟದಿಂದ ಮೇಲೆ ಒಂದು ಹಲಗೆ ಬೇಕು, ಅದಕ್ಕೆ ಇಳಿಜಾರು ಬೇಕು. ಮುರಕಲ್ಲು ಇಟ್ಟರೆ ಕಲ್ಲಿನ ಒರಟಿಗೆ ಹೊಟ್ಟೆಯ ಕಡೆಯ ಚಿಪ್ಪು ತರಚುತ್ತದೆ, ಹಾಗಾಗಿ ಕಲ್ಲಿನ ಮೇಲೆ ನಯವಾದ ಮರದ ಹಲಗೆ ಹಾಕಿ. ಇಡೀ ಟ್ಯಾಂಕಿಗೆ ಕಬ್ಬಿಣದ ಬಲೆ ಮುಚ್ಚಬೇಕು. ಕಾಗೆ, ಕೀರಿ, ಉಡ, ನಾಯಿ ಎಲ್ಲವೂ ಇವೆಯಲ್ಲ ನಮ್ಮಲ್ಲಿ.

ಬಿಸಿಲು ನೇರವಾಗಿ ಬೀಳಬೇಕು. ಕಿಟಕಿ ಗಾಜಿನ ಒಳಗಿಂದ ಬಂದ ಬಿಸಿಲಿನಿಂದ ಉಪಯೋಗವಿಲ್ಲ, ಚಿಪ್ಪು ಗಟ್ಟಿಯಾಗಲು ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಆರು ತಿಂಗಳು ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ, ಕಷ್ಟ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಆಗ ಆಮೆಯನ್ನು ಚಾವಡಿಗೋ ಶೆಡ್ಡಿಗೋ ತಂದು, ಹಲಗೆಯ ಮೇಲೆ ಯುವಿಬಿ ದೀಪ ಮತ್ತು ಬಿಸಿಗೆ ಒಂದು ಸಾದಾ ಬಲ್ಬು ಹಾಕಬೇಕು. ಹಲಗೆಯ ಜಾಗ 32 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ಯುವಿಬಿ ದೀಪ ಉರಿಯುತ್ತಲೇ ಇದ್ದರೂ ಒಳಗಿನ ಶಕ್ತಿ ಕುಗ್ಗುತ್ತಾ ಬರುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ಹೊರಗೇ ಇಡುವುದಾದರೆ ಟ್ಯಾಂಕಿನ ಮೇಲ್ಭಾಗದಲ್ಲಿ ತೂತು ಕೊರೆದು ಬಲೆ ಕಟ್ಟಿ, ಹೆಚ್ಚಾದ ನೀರು ಅಲ್ಲಿಂದ ಹೋಗಲಿ. ಇಲ್ಲದಿದ್ದರೆ ಒಂದು ರಾತ್ರಿಯ ಮಳೆಗೆ ಟ್ಯಾಂಕು ತುಂಬಿ ಆಮೆ ತೋಡು ಸೇರುತ್ತದೆ.

ನಿಮ್ಮದು ಅಡಕೆ ತೋಟದ ಮನೆಯಾದರೆ ಇನ್ನೊಂದು ಎಚ್ಚರಿಕೆ. ಕೊಳೆರೋಗಕ್ಕೆ ಮದ್ದು ಬಿಡುವ ದಿನ ಟ್ಯಾಂಕನ್ನು ಟಾರ್ಪಾಲಿನಿಂದ ಪೂರ್ತಿ ಮುಚ್ಚಿ, ಆಗದಿದ್ದರೆ ಆಮೆಯನ್ನೇ ಒಳಗೆ ತನ್ನಿ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತು, ಅಂದರೆ ತಾಮ್ರ. ನೀರಿನಲ್ಲಿರುವ ಜೀವಿಗಳಿಗೆ ಅದು ಬಹಳ ಕೆಟ್ಟದ್ದು. ಗಾಳಿಗೆ ಹಾರಿ ಬಂದು ಬಿದ್ದಿದೆ ಅನಿಸಿದರೂ ಸಾಕು, ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿಸಿ.

ಊಟಕ್ಕೆ ಆಮೆಗೆಂದೇ ಮಾಡಿದ ಪೆಲೆಟ್ (ಕಾಳಿನಂಥ ಒಣ ತಿಂಡಿ) ಮುಖ್ಯ, ಒಂದು ಸಲಕ್ಕೆ ಅದರ ತಲೆಯ ಗಾತ್ರದಷ್ಟು. ಮರಿಗೆ ದಿನಾ, ದೊಡ್ಡದಕ್ಕೆ ದಿನ ಬಿಟ್ಟು ದಿನ. ಉಳಿದದ್ದು ಸೊಪ್ಪು, ತರಕಾರಿ: ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್, ಸಿಹಿಕುಂಬಳ. ಎ ವಿಟಮಿನ್ ಕೊರತೆಗೆ ಈ ಕೊನೆಯ ಎರಡೂ ಒಳ್ಳೆಯದು. ಪಾಲಕ್, ಬಸಳೆ ದಿನಾ ಬೇಡ, ಅವುಗಳಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಎರೆಹುಳ, ಉಪ್ಪು ಹಾಕದ ಸಣ್ಣ ಮೀನು ಯಾವಾಗಲಾದರೊಮ್ಮೆ ಸಾಕು. ಅನ್ನ, ಬ್ರೆಡ್, ಹಾಲು, ಉಣಕ್ಕು (ಉಪ್ಪು ಹಾಕಿ ಒಣಗಿಸಿದ) ಮೀನು ಖಂಡಿತ ಬೇಡ. ಕ್ಯಾಲ್ಸಿಯಂಗೆ ಅಂಗಡಿಗೆ ಹೋಗಬೇಕಿಲ್ಲ: ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಬೊಂಡಾಸಿನ (ಸ್ಕ್ವಿಡ್) ಜಾತಿಯ ಮೀನಿನ ಬೆನ್ನೊಳಗಿನ ಬಿಳಿ ಹಗುರ ಚಿಪ್ಪು ಬಿದ್ದಿರುತ್ತದೆ, ಅದನ್ನು ತಂದು ಕೆಲವು ದಿನ ನೀರು ಬದಲಿಸುತ್ತಾ ನೆನೆಸಿ ಉಪ್ಪು ಬಿಡಿಸಿ, ಒಣಗಿಸಿ, ಒಂದು ತುಂಡು ತೊಟ್ಟಿಗೆ ಹಾಕಿ. ಬೇಕಾದಾಗ ಅದೇ ಕಚ್ಚಿ ತಿನ್ನುತ್ತದೆ. ಊಟ ನೀರಿನಲ್ಲೇ ಹಾಕಬೇಕು, ನೀರಿಲ್ಲದೆ ಇದಕ್ಕೆ ನುಂಗಲು ಆಗುವುದಿಲ್ಲ. ಈಗ ಕಣ್ಣು ಕಾಣದ ಕಾರಣ ತಿನ್ನದೇ ಇರಬಹುದು. ಹೊಸ ಜಾಗಕ್ಕೆ ಹೆದರಿಯೂ ಕೆಲವು ದಿನ ಬಾಯಿ ಮುಚ್ಚಿಕೊಂಡಿರುತ್ತದೆ. ಆಗ ಸುಮ್ನೆ ಕೈಗೆತ್ತಿಕೊಳ್ಳುತ್ತಾ ಇರಬೇಡಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಒಂದು ಒಳ್ಳೆಯ ಫಿಲ್ಟರ್ ಹಾಕಿ. ನಿಮ್ಮದು ಬಾವಿ ನೀರಾದರೆ ಕ್ಲೋರಿನ್ ಚಿಂತೆ ಇಲ್ಲ. ಪೈಪಿನಿಂದ ನೀರು ಎಳೆಯುವಾಗ ಬಾಯಿ ಹಚ್ಚಿ ಎಳೆಯಬೇಡಿ. ತೊಟ್ಟಿಯ ಸಾಮಾನನ್ನು ಅಡುಗೆಮನೆಯಲ್ಲಿ ತೊಳೆಯಬೇಡಿ. ಮುಟ್ಟಿದ ಮೇಲೆ ಪ್ರತಿ ಸಲ ಸೋಪಿನಿಂದ ಕೈ ತೊಳೆಯಬೇಕು. 5 ವರ್ಷದೊಳಗಿನ ಮಕ್ಕಳ ಕೈಗೆ ಕೊಡಲೇಬೇಡಿ. ಪುಟ್ಟ ಆಮೆಗಳನ್ನು ಮಕ್ಕಳು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಿದ್ದ ಕಾರಣ ಅಮೆರಿಕದಲ್ಲಿ 1975ರಲ್ಲೇ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು ನಿಷೇಧಿಸಿದರು.

ಮುಂದೆ ಎಂದಾದರೂ ಒಂದು ಬದಿಗೆ ವಾಲಿಕೊಂಡು ತೇಲಿದರೆ, ಮೂಗಿನಿಂದ ಗುಳ್ಳೆ ಬಂದರೆ, ಬಾಯಿ ತೆರೆದು ಉಸಿರಾಡಿದರೆ ಅದು ಶ್ವಾಸಕೋಶದ ಸೋಂಕು ಇರಬಹುದು. ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ನಮ್ಮಲ್ಲಿ ಇಂಥದ್ದೇ ಎರಡು ಆಮೆಗಳಿವೆ, ದೊಡ್ಡದಾಗಿವೆ, ಇನ್ನು ಸಾಕಲು ಆಗುವುದಿಲ್ಲ. ಊರಿನ ದೇವಸ್ಥಾನದ ಕೆರೆಗೋ ಹೊಳೆಗೋ ಬಿಟ್ಟರೆ ಸ್ವತಂತ್ರವಾಗಿ ಇರುತ್ತವೆ, ಪುಣ್ಯವೂ ಬರುತ್ತದೆ ಅಲ್ವಾ?
– ಓದುಗರು, ಪೆರ್ಲ

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ಅದರಿಂದ ನಮ್ಮ ಕೆರೆಯ ಆಮೆಗಳಿಗೆ ಕೇಡು. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಸ್ಲೈಡರ್ ಇದೆ. ಇದು ಸಿಕ್ಕಿದ್ದೆಲ್ಲ ತಿನ್ನುತ್ತದೆ, ಬಿಸಿಲು ಕಾಯುವ ಕಲ್ಲು, ಮರದ ತುಂಡುಗಳಿಂದ ಊರ ಆಮೆಗಳನ್ನು ತಳ್ಳುತ್ತದೆ, ರೋಗವನ್ನೂ ಹರಡಬಲ್ಲದು. ನಮ್ಮ ಕೆರೆ, ಪಳ್ಳ, ತೋಡುಗಳಲ್ಲಿ ಬೆನ್ನ ಮೇಲೆ ಮೂರು ಏಣು ಇರುವ ಕರಿ ಆಮೆ ಇದೆ, ಮೆತ್ತನೆಯ ಚಿಪ್ಪಿನ, ಹಂದಿಯ ಮೂತಿಯಂಥ ಮೂಗಿನ ಆಮೆಯೂ ಇದೆ. ಚಂದ್ರಗಿರಿ ಹೊಳೆಯಲ್ಲಿ ಒಂದು ಮೀಟರಿನವರೆಗೆ ಬೆಳೆಯುವ ದೈತ್ಯ ಮೆದುಚಿಪ್ಪಿನ ಆಮೆ ಮರಿ ಮಾಡುತ್ತಿದೆ. ಜಗತ್ತಿನಲ್ಲೇ ಅಪರೂಪವಾಗಿ, ಅಳಿವಿನ ಅಂಚಿಗೆ ಬಂದಿರುವ ಆಮೆ ಅದು, ನಮ್ಮ ಜಿಲ್ಲೆಯ ಹೊಳೆಯ ಮರಳಿನಲ್ಲಿ ಇನ್ನೂ ಮೊಟ್ಟೆ ಇಡುತ್ತಿದೆ ಅಂದರೆ ಎಷ್ಟು ದೊಡ್ಡ ವಿಷಯ! ಅದರ ಪಾಲಿನ ನೀರಿಗೆ ಅಮೆರಿಕದ ಆಮೆಯನ್ನು ಬಿಡುವುದು ಬೇಡ.

ತ್ರಿಶ್ಶೂರಿನ ಕಡೆ ಕಾಲುವೆಯಲ್ಲಿ ಇದು ಆಗಲೇ ಸಿಕ್ಕಿದೆ, ಅಲ್ಲಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಜನರನ್ನು ಎಚ್ಚರಿಸುತ್ತಲೇ ಇದೆ. ಅಲ್ಲಿಗೋ ಹತ್ತಿರದ ಅರಣ್ಯ ಕಚೇರಿಗೋ ಮೊದಲು ಫೋನ್ ಮಾಡಿ ಕೇಳಿ. ಜಾಗ ಇರುವ ಬೇರೆ ಮನೆ ಹುಡುಕುವುದಾದರೆ ಟ್ಯಾಂಕು, ದೀಪ, ಫಿಲ್ಟರ್ ಸಮೇತ ಕೊಡಿ, ಕೊಡುವ ಮೊದಲು ಅವರ ಮನೆಗೆ ಹೋಗಿ ಜಾಗ ನೋಡಿ ಬನ್ನಿ. ಗಂಡು ಹೆಣ್ಣು ಎರಡೂ ಇದ್ದರೆ ಬೇರೆ ಬೇರೆ ಮಾಡಿ. ಮುಂಗಾಲಿನ ಉಗುರು ಉದ್ದ ಇದ್ದು ಬಾಲ ದಪ್ಪ ಇರುವುದು ಗಂಡು.

ಪ್ರಶ್ನೆ: ತೋಟದಲ್ಲಿ ಮಕ್ಕಳಿಗೆ ಸಿಕ್ಕ ಕರಿ ಆಮೆಯನ್ನು ಹೀಗೆಯೇ ಸಾಕಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಇಲ್ಲ. ನಮ್ಮ ದೇಶದ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ, ಮನೆಯಲ್ಲಿ ಇಟ್ಟುಕೊಂಡರೆ ಅಪರಾಧ. ಗಾಯ ಇಲ್ಲದಿದ್ದರೆ ಸಿಕ್ಕಿದ ಜಾಗದಲ್ಲೇ ಇವತ್ತೇ ಬಿಡಿ. ಗಾಯ ಇದ್ದರೆ ಅರಣ್ಯ ಇಲಾಖೆಗೆ ಹೇಳಿ.

ಪ್ರಶ್ನೆ: ಬಿಟ್ಟುಹೋದ ಸ್ಲೈಡರ್ ಒಂದನ್ನು ತಂದು ಸಾಕುತ್ತಿದ್ದೇನೆ. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಉದ್ಧಾರವಾಗುವುದಿಲ್ಲ ಅಂತ ಅಕ್ಕಪಕ್ಕದವರು ಹೆದರಿಸುತ್ತಾರೆ. ಈಗ ಅದು ಊಟ ಬಿಟ್ಟು, ತೊಟ್ಟಿಯ ಮೂಲೆಯನ್ನು ಹಿಂಗಾಲಿನಿಂದ ಕೆರೆಯುತ್ತಾ ಹೊರಗೆ ಬರಲು ಒದ್ದಾಡುತ್ತಿದೆ.
– ಓದುಗರು, ಹೊಸೂರು

ಉತ್ತರ: ಆ ಮಾತು ನಿಮ್ಮ ಕಡೆ ತಮಿಳಿನಲ್ಲೂ ಇದೆ, ಅಮೀನ ಅಂದರೆ ಕೋರ್ಟಿನಿಂದ ಜಪ್ತಿಗೆ ಬರುವವನು. ಇನ್ನು ಕೆಲವರು ಅದೃಷ್ಟ ತರುತ್ತದೆ ಅಂತ ಇದೇ ಆಮೆಯನ್ನು ಕೊಂಡು ತರುತ್ತಾರೆ, ಅದೃಷ್ಟ ಬರಲಿಲ್ಲ ಅಂತ ಬೀದಿಗೆ ಬಿಡುತ್ತಾರೆ. ಎರಡರಲ್ಲೂ ಪೆಟ್ಟು ತಿನ್ನುವುದು ಆಮೆಯೇ. ನೀವು ಹೆದರಬೇಡಿ.

ನೀವು ಬರೆದದ್ದು ನೋಡಿದರೆ ಅದು ಹೆಣ್ಣು, ಮೊಟ್ಟೆ ಇಡಲು ಜಾಗ ಹುಡುಕುತ್ತಿದೆ. ಗಂಡು ಇಲ್ಲದೆಯೂ ಮೊಟ್ಟೆ ಇಡುತ್ತದೆ. ಮಣ್ಣು ಸಿಗದಿದ್ದರೆ ಮೊಟ್ಟೆ ಒಳಗೇ ಉಳಿದು ಜೀವಕ್ಕೆ ಅಪಾಯ. ದೊಡ್ಡ ಟಬ್ಬಿನಲ್ಲಿ ಒಂದಡಿ ಆಳಕ್ಕೆ ಮಣ್ಣು, ಮರಳು ಬೆರೆಸಿ ಹಾಕಿ, ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಒದ್ದೆ ಇರಲಿ. ಆಮೆಯನ್ನು ಅದರಲ್ಲಿ ಬಿಟ್ಟು ನೀವು ದೂರ ಹೋಗಿ, ಯಾರಾದರೂ ನೋಡುತ್ತಿದ್ದರೆ ಅಗೆಯುವುದಿಲ್ಲ. ಕೆಲವು ದಿನ ಕಳೆದರೂ ಇಡದೆ ಮಂಕಾಗಿ ಕೂತರೆ ಎಕ್ಸ್‌ರೇ ಇರುವ ಪಶು ಆಸ್ಪತ್ರೆಗೆ ಒಯ್ಯಿರಿ, ಮೊಟ್ಟೆಗಳು ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತವೆ.