ಪಿಪ್ ಹಾಕಿದ್ದು ಯಾವ ಪೈಥಾನ್‌ಗೆ?

ಪ್ರಶ್ನೆ: ಸಾರ್, ನಾನು ಬಿಸಿಎ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಜ್ಯಾಂಗೋ ವೆಬ್ ಫ್ರೇಮ್‌ವರ್ಕ್ ಜೊತೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬೇಕು. ಸೀನಿಯರ್ ಕೊಟ್ಟ ನೋಟ್ಸ್ ನೋಡ್ಕೊಂಡು, ಪೈಥಾನ್ ಲೈಬ್ರರಿ ಹಾಕೋ ಪಿಪ್ ಟೂಲ್‌ನಲ್ಲಿ ಪಿಪ್ ಇನ್‌ಸ್ಟಾಲ್ ಮೈಎಸ್‌ಕ್ಯೂಎಲ್-ಪೈಥಾನ್ ಅಂತ ಹೊಡೆದ್ರೆ 'ಕಾನ್ಫಿಗ್‌ಪಾರ್ಸರ್ ಮಾಡ್ಯೂಲ್ ಇಲ್ಲ' ಅಂತ ಎರರ್. ಕಾನ್ಫಿಗ್‌ಪಾರ್ಸರ್ ಬೇರೆಯಾಗಿ ಹಾಕಿದ್ರೂ ಅದೇ ಗೋಳು. ಉಬುಂಟು 22.04, ಪೈಥಾನ್ 3.12 ನಾನೇ ಆಮೇಲೆ ಹಾಕ್ಕೊಂಡಿದ್ದು. ಮುಂದಿನ ವಾರ ವೈವಾ!
— ಒಬ್ಬ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಆ ನೋಟ್ಸ್ ಮುಚ್ಚಿಡಿ. ಅದರಲ್ಲಿರೋ ಮೈಎಸ್‌ಕ್ಯೂಎಲ್-ಪೈಥಾನ್ ಲೈಬ್ರರಿ ಪೈಥಾನ್ 2ಕ್ಕೆ ಮಾಡಿದ್ದು, ಅದರ ಕೊನೇ ವರ್ಷನ್ 1.2.5 ಬಂದಿದ್ದು 2014ರಲ್ಲಿ, ಪೈಥಾನ್ 2ಕ್ಕೇ 2020ರ ಜನವರಿ 1ಕ್ಕೆ ಬಾಗಿಲು ಹಾಕಿದ್ರು. ನಿಮ್ಮ ಎರರ್‌ನಲ್ಲೇ ಸುಳಿವಿದೆ ನೋಡಿ, ಅದು ಕೇಳ್ತಿರೋ ಕಾನ್ಫಿಗ್‌ಪಾರ್ಸರ್‌ನಲ್ಲಿ ಸಿ, ಪಿ ಎರಡೂ ದೊಡ್ಡಕ್ಷರ, ಪೈಥಾನ್ 3ರಲ್ಲಿ ಆ ಹೆಸರನ್ನ ಪೂರ್ತಿ ಚಿಕ್ಕಕ್ಷರ ಮಾಡಿದಾರೆ, ಹಂಗಾಗಿ ನೀವು ಬೇರೆ ಹಾಕಿದ್ರೂ ಅದಕ್ಕೆ ಸಿಗಲ್ಲ.

ನಿಮಗೆ ಬೇಕಾಗಿರೋದು ಮೈಎಸ್‌ಕ್ಯೂಎಲ್‌ಕ್ಲೈಂಟ್. ಹಳೇದರಿಂದಲೇ ಕವಲೊಡೆದು ಬಂದಿದ್ದು, ಪೈಥಾನ್ 3ರಲ್ಲಿ ನಡೆಯುತ್ತೆ, ಜ್ಯಾಂಗೋದವರು ಹೇಳೋದೂ ಇದನ್ನೇ.

ಆದ್ರೆ ಅಲ್ಲೇ ಇನ್ನೊಂದು ಗುಂಡಿ ಇದೆ. 22.04ರ ಜೊತೆ ಬರೋದು ಪೈಥಾನ್ 3.10. ಪಿಪ್ ಡ್ಯಾಶ್ ಡ್ಯಾಶ್ ವರ್ಷನ್ ಹೊಡೀರಿ, ಸಾಲಿನ ಕೊನೇಲಿ ಬ್ರಾಕೆಟ್‌ನಲ್ಲಿ ಬಹುಶಃ 3.10 ಅಂತಿರುತ್ತೆ, ಅಂದ್ರೆ ಪಿಪ್ ಹಾಕೋದು 3.10ಕ್ಕೆ, ನೀವು ಹುಡುಕೋದು 3.12ರಲ್ಲಿ, ಸಾಮಾನು ಒಂದು ಮನೆಗೆ ಇಳಿಸಿ ಇನ್ನೊಂದು ಮನೇಲಿ ಹುಡುಕಿದ ಹಾಗೆ. ಅದಕ್ಕೇ ನಾನು ಬರೀ ಪಿಪ್ ಅಂತ ಹೊಡೆಯೋದೇ ಬಿಟ್ಟಿದೀನಿ. ಪೈಥಾನ್3.12 ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ಮೈಎಸ್‌ಕ್ಯೂಎಲ್‌ಕ್ಲೈಂಟ್, ಹೀಗೆ ವರ್ಷನ್ ಹೆಸರು ಹಿಡಿದೇ ಕರೀರಿ. ಪ್ರಾಜೆಕ್ಟ್‌ಗೆ ಅಂತ ಒಂದು ವೆನ್ವ್ (ಆ ಪ್ರಾಜೆಕ್ಟ್‌ಗೇ ಮೀಸಲಾದ ಬೇರೆ ಪೈಥಾನ್ ಜಾಗ) ಮಾಡ್ಕೊಂಡು ಅದರೊಳಗೆ ಹಾಕಿದ್ರೆ ಇನ್ನೂ ವಾಸಿ.

ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಕ್ಲೈಂಟ್ ನಿಮ್ಮ ಮಷೀನ್‌ನಲ್ಲೇ ಕಂಪೈಲ್ ಆಗ್ಬೇಕು, ಹಾಗಾಗಿ ಅದಕ್ಕೂ ಮೊದಲು ಉಬುಂಟುವಿನ ಸಾಫ್ಟ್‌ವೇರ್ ಹಾಕೋ ಟೂಲ್ ಆಪ್ಟ್‌ನಲ್ಲಿ ಬಿಲ್ಡ್-ಎಸೆನ್ಶಿಯಲ್, ಪಿಕೆಜಿ-ಕಾನ್ಫಿಗ್, ಡೀಫಾಲ್ಟ್-ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್-ಡೆವ್ ಹಾಕಿ. ಪೈಥಾನ್3-ಡೆವ್ ಹಾಕಿದ್ರೆ 3.10ರ ಹೆಡರ್ ಫೈಲ್ (ಕಂಪೈಲ್ ಮಾಡೋಕೆ ಬೇಕಾಗೋ ಫೈಲ್) ಬರುತ್ತೆ, ನಿಮಗೆ ಬೇಕಿರೋದು ಪೈಥಾನ್3.12-ಡೆವ್, 'ಪೈಥಾನ್ ಡಾಟ್ ಎಚ್ ಸಿಗ್ತಿಲ್ಲ' ಅಂತ ಬಂದ್ರೆ ತಪ್ಪಿರೋದು ಇಲ್ಲೇ.

ಎಲ್ಲ ಆದ್ಮೇಲೆ ಪೈಥಾನ್3.12 ತೆಗೆದು ಇಂಪೋರ್ಟ್ ಮೈಎಸ್‌ಕ್ಯೂಎಲ್‌ಡಿಬಿ ಕೊಡಿ. ಹೌದು, ಹಾಕೋವಾಗ ಒಂದು ಹೆಸರು, ಕರೆಯೋವಾಗ ಇನ್ನೊಂದು, ಹಳೇದರ ಹೆಸರನ್ನೇ ಉಳಿಸ್ಕೊಂಡಿದಾರೆ. ಎಂ, ಎಸ್‌ಕ್ಯೂಎಲ್ ದೊಡ್ಡಕ್ಷರ, ವೈ, ಡಿಬಿ ಚಿಕ್ಕಕ್ಷರ. ಏನೂ ಮಾತಾಡದೆ ಮುಂದಿನ ಸಾಲಿಗೆ ಹೋದ್ರೆ ಕೂತಿದೆ ಅಂತ ಅರ್ಥ.